ವಿಭೂತಿ ಇಟ್ಟ ಕ್ಯಾನು

ಯಗಚಿ ಅಣೆಕಟ್ಟಿನ ಹಿನ್ನೀರು ನಿಂತಾಗ ಗುರುಸಿದ್ದಮ್ಮನವರ ತೆಂಗಿನ ತೋಟ ಮುಳುಗಲಿಲ್ಲ. ಆಚೆ ದಡದಲ್ಲಿ ಉಳಿದುಕೊಂಡಿತು. ಸುತ್ತಿ ಹೋಗುವ ದಾರಿ ಮಳೆ ಬಿದ್ದರೆ ಟ್ರಾಕ್ಟರಿಗೂ ಆಗದು. ಹಾಗಾಗಿ ಅವರು ದೋಣಿ ನಡೆಸುವುದನ್ನು ಕಲಿತರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಕೂತರೆಂದರೆ, ಆಳುಗಳೆಲ್ಲ ಅವರ ಬೆನ್ನ ಹಿಂದಿನ ಮೋಟಾರಿಗಿಂತ ಅವರನ್ನೇ ನಂಬುತ್ತಿದ್ದರು.

ಮೋಟಾರು ಮಲ್ಪೆಯ ಕಡೆಯಿಂದ ಕೊಂಡು ತಂದ ಹಳೆಯದು. ಅದರ ಬಿಡಿಭಾಗಗಳು ಈಗ ಎಲ್ಲೂ ಸಿಗುವುದಿಲ್ಲ. ಅದಕ್ಕೆ ಪೆಟ್ರೋಲಿನ ಜೊತೆ ಎಣ್ಣೆಯೂ ಹೋಗಬೇಕು. ಬೇಕಾದಷ್ಟೇ ಎಣ್ಣೆ ತಳ್ಳಲು ಮೋಟಾರಿನೊಳಗೇ ಒಂದು ಡಬ್ಬಿ, ಒಂದು ಪುಟ್ಟ ಪಂಪು. ಕಳೆದ ಬೇಸಿಗೆಯಲ್ಲಿ ಡಬ್ಬಿಯ ಎಣ್ಣೆ ಮೊದಲಿನಂತೆ ಇಳಿಯುತ್ತಿರಲಿಲ್ಲ. ಎಣ್ಣೆ ಉಳಿಯಿತಲ್ಲ ಎಂದು ಗಂಡ ಸಿದ್ದಬಸಪ್ಪ ಖುಷಿಪಟ್ಟರು. ಎಣ್ಣೆ ಇಂಜಿನ್ನಿಗೆ ಹೋಗುತ್ತಿಲ್ಲವೆಂದು ತಿಳಿದ ಗುರುಸಿದ್ದಮ್ಮ ಮೋಟಾರು ನಿಲ್ಲಿಸಿ, ಹುಟ್ಟು ಹಾಕಿಕೊಂಡು ದಡಕ್ಕೆ ಬಂದರು.

ಬೇಲೂರಿನಲ್ಲಿ ಹಳೆಯ ಮೊಪೆಡ್ಡು ರಿಪೇರಿ ಮಾಡುವ ಉಮಾಶಂಕರ್ ಬಂದು ನೋಡಿದ. ಪಂಪಿನ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದಿತ್ತು. ಇಬ್ಬರೂ ಸೇರಿ ಪಂಪು ಬಿಚ್ಚಿ, ಅದು ಕೂತಿದ್ದ ಜಾಗಕ್ಕೆ ತಗಡು ಕೂರಿಸಿ, ಎಣ್ಣೆ ಪೈಪಿನ ಬಾಯಿ ಮುಚ್ಚಿದರು. ಎಣ್ಣೆ ತೀರಿದರೆ ಕೂಗುತ್ತಿದ್ದ ಅಲಾರಮ್ಮಿನ ತಂತಿಯನ್ನೂ ತೆಗೆದರು. ಇನ್ನು ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆಯನ್ನು ಕೈಯಾರೆ ಬೆರೆಸಿ ಟ್ಯಾಂಕಿಗೆ ಹಾಕಬೇಕು. ಬರೀ ಪೆಟ್ರೋಲು ಹೋದರೆ ಇಂಜಿನ್ ಕಾದು ಕಚ್ಚಿಕೊಂಡು ಸೀಜ್ ಆಗುತ್ತದೆ. ಆಮೇಲೆ ಆ ಮೋಟಾರೂ ಇಲ್ಲ, ತೋಟಕ್ಕೆ ದಾರಿಯೂ ಇಲ್ಲ.

"ಇನ್ಮೇಲೆ ಇದಕ್ಕೆ ಅಲಾರಮ್ಮು ನೀವೇ ಅಕ್ಕಾ," ಎಂದ ಉಮಾಶಂಕರ್.

ಮನೆಯಲ್ಲಿ ಪಂಪ್‌ಸೆಟ್ಟಿಗೆಂದು ಬರೀ ಪೆಟ್ರೋಲಿನ ಕ್ಯಾನೂ ಇರುತ್ತಿತ್ತು. ಎರಡೂ ಕ್ಯಾನು ಒಂದೇ ತರದವು. ಗುರುಸಿದ್ದಮ್ಮ ಎಣ್ಣೆ ಬೆರೆಸಿದ ಕ್ಯಾನಿನ ಮೇಲೆ ಮೂರು ಬೆರಳಿನಲ್ಲಿ ವಿಭೂತಿ ಎಳೆಯುತ್ತಿದ್ದರು. ಓದು ಬಾರದ ಆಳಿಗೂ ಅದು ತಿಳಿಯುತ್ತಿತ್ತು.

ಆಯುಧಪೂಜೆಯ ಮಾರನೆಯ ಬೆಳಿಗ್ಗೆ ಕಾಯಿ ಕೀಳುವ ರಾಮಣ್ಣ, ಸುಲಿಯುವ ಹೆಂಗಸರು ಎಲ್ಲ ದೋಣಿಯಲ್ಲಿ ಕೂತಿದ್ದರು. ಅರಸೀಕೆರೆಯ ಮಂಡಿಗೆ ಹೋಗುವ ಲಾರಿ ಮಧ್ಯಾಹ್ನಕ್ಕೆ ಬರುವುದಿತ್ತು. ಹೆಂಡತಿಗೆ ಅನುಕೂಲವಾಗಲೆಂದು ಸಿದ್ದಬಸಪ್ಪ ತಾವೇ ಟ್ಯಾಂಕು ತುಂಬಿಸಿಟ್ಟಿದ್ದರು. ಗುರುಸಿದ್ದಮ್ಮ ದಡದಲ್ಲಿದ್ದ ಕ್ಯಾನುಗಳನ್ನು ನೋಡಿದರು. ಎರಡರ ಮೇಲೂ ವಿಭೂತಿ ಇತ್ತು.

ಯಾವುದರಿಂದ ಸುರಿದಿರಿ ಎಂದು ಗಂಡನನ್ನು ಕೇಳಿದರು.

"ವಿಭೂತಿ ಇರೋದ್ರಿಂದಾನೇ ಕಣೇ."

"ಎರಡಕ್ಕೂ ಇಟ್ಟಿದೀರಲ್ಲ."

"ಹಬ್ಬ ಅಲ್ವೇನೇ? ಒಂದಕ್ಕಿಟ್ಟು ಒಂದ್ ಬಿಡಕ್ಕಾಗ್ತದಾ?"

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಬಿಸಿಲೇರುತ್ತಿದೆ, ದೇವರು ನಡೆಸುತ್ತಾನೆ, ಹೊರಡೋಣ ಎಂದು ರಾಮಣ್ಣ ಅವಸರ ಮಾಡಿದ.

"ದೇವ್ರು ನಡೆಸೋದು ನಮ್ಮನ್ನ ರಾಮಣ್ಣ," ಎಂದರು ಗುರುಸಿದ್ದಮ್ಮ. "ಇದನ್ನ ನಡೆಸೋದು ಎಣ್ಣೆ."

ಬುತ್ತಿ ಸುತ್ತಿದ್ದ ಪತ್ರಿಕೆಯ ಅಂಚು ಹರಿದುಕೊಂಡರು. ಒಂದು ಕಡ್ಡಿಯನ್ನು ಟ್ಯಾಂಕಿಗೆ ಅದ್ದಿ, ಕಾಗದದ ಮೇಲೆ ಒಂದು ಹನಿ ಬಿಟ್ಟು ಗಾಳಿಗೆ ಹಿಡಿದರು. ಹನಿ ಆರಿತು. ಕಾಗದದಲ್ಲಿ ಕಲೆಯೇ ಉಳಿಯಲಿಲ್ಲ. ಟ್ಯಾಂಕಿನಲ್ಲಿದ್ದುದು ಬರೀ ಪೆಟ್ರೋಲು. ನಗುತ್ತಿದ್ದ ಹೆಂಗಸರು ಬಾಯಿಂದ ಸೆರಗು ತೆಗೆದು ಕತ್ತು ಚಾಚಿ ನೋಡಿದರು. ಇನ್ನೊಂದು ಕ್ಯಾನಿನ ಹನಿ ಆರಿದ ಮೇಲೂ ಎಣ್ಣೆಯ ವೃತ್ತವೊಂದು ಹಾಗೇ ಉಳಿಯಿತು.

ಅವರು ಗಂಡನನ್ನು ಬೈಯಲಿಲ್ಲ. ಟ್ಯಾಂಕು ಬರಿದು ಮಾಡಿ, ಪೈಪಿನಲ್ಲಿದ್ದುದನ್ನೂ ಹಿಂಡಿ ತೆಗೆದು, ಬೆರೆಸಿದ ಪೆಟ್ರೋಲನ್ನು ನಿಧಾನವಾಗಿ ಸುರಿದರು. ಸಿದ್ದಬಸಪ್ಪ ಹೆಗಲ ಟವೆಲ್ಲು ಕೈಗೆ ತೆಗೆದುಕೊಂಡು, ಪಂಪ್‌ಸೆಟ್ಟಿನ ಕ್ಯಾನಿನ ಮೇಲಿದ್ದುದನ್ನು ಅಳಿಸಲೇ ಎಂದು ಮೆಲ್ಲಗೆ ಕೇಳಿದರು.

"ಇಟ್ಟಿದ್ದನ್ನ ಯಾಕೆ ಅಳಿಸ್ತೀರಾ. ಅದು ಮನೇಲಿರ್ಲಿ. ನಂದು ನನ್ ಜೊತೆ ಬತ್ತದೆ."

ಕ್ಯಾನನ್ನು ಕಾಲ ಬಳಿ ಇಟ್ಟುಕೊಂಡು ಹಗ್ಗ ಎಳೆದರು. ಮೋಟಾರು ಕೆಮ್ಮಿ ಹಿಡಿದುಕೊಂಡಿತು. ದೋಣಿ ದಡ ಬಿಟ್ಟಿತು. ಎಣ್ಣೆ ಉರಿದ ತೆಳ್ಳನೆ ನೀಲಿ ಹೊಗೆ ನೀರಿಗೆ ತಾಕುವಷ್ಟು ತಗ್ಗಿ ಹಿಂದೆ ಹಿಂದೆ ಬಂತು. ಹೆಂಗಸರು ಮತ್ತೆ ಮಾತು ಶುರುವಿಟ್ಟುಕೊಂಡರು. ಗುರುಸಿದ್ದಮ್ಮ ಮಾತ್ರ ಆಚೆ ದಡ ಮುಟ್ಟುವವರೆಗೂ ಮೋಟಾರಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದರು.