ಕಾಕಾ ಕಟ್ಟುತ್ತಿದ್ದ ಗಂಟು

ಅವರ ಬೆರಳ ತುದಿಗಳು ಸದಾ ಕೆಂಪಗಿರುತ್ತಿದ್ದವು. ಎಲೆಅಡಿಕೆಯ ಕೆಂಪಲ್ಲ, ಕುಂಕುಮದ್ದೂ ಅಲ್ಲ. ಕಚೇರಿಯ ಹಳೆಯ ಕಾಗದಗಳನ್ನು ಸುತ್ತಿಡುವ ಕೆಂಪು ಬಟ್ಟೆಗೆ ನಮ್ಮಲ್ಲಿ ರುಮಾಲು ಎನ್ನುತ್ತಾರೆ. ನಮ್ಮ ಕಡೆಯ ಬಿಸಿಲಲ್ಲಿ, ಬೆವರುಗೈಯಲ್ಲಿ ಅದನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಅದರ ಬಣ್ಣ ಚರ್ಮಕ್ಕೇ ಇಳಿದುಬಿಟ್ಟಿತ್ತು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಪಕ್ಕದವರು ಕೈ ತೊಳೆದು ಬರಲು ಹೇಳುತ್ತಿದ್ದರಂತೆ. "ತೊಳದೇ ಬಂದೀನ್ರಿ. ಇದು ಸರ್ಕಾರದ ಬಣ್ಣ, ಹೋಗಂಗಿಲ್ಲ" ಎಂದು ನಗುತ್ತಿದ್ದರು.

ಅವರು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಅಟೆಂಡರ್. ಯಾವ ತಾಲ್ಲೂಕು ಎಂದು ಬರೆಯುವುದಿಲ್ಲ. ಬರೆದರೆ ಅಲ್ಲಿಯವರಿಗೆ ಸಿಟ್ಟು ಬರುತ್ತದೆ. ಬರೆಯದಿದ್ದರೆ ಉಳಿದ ಕಚೇರಿಗಳವರೂ ತಮ್ಮದೇ ಇರಬೇಕು ಎಂದುಕೊಳ್ಳುತ್ತಾರೆ. ಅದೇ ವಾಸಿ. ಕೆಲಸದಲ್ಲಿದ್ದಾಗಲೇ ತೀರಿಕೊಂಡ ನನ್ನ ಅಪ್ಪನ ಜಾಗದಲ್ಲಿ ಅನುಕಂಪದ ಮೇಲೆ ನನಗೆ ಗುಮಾಸ್ತೆ ಕೆಲಸ ಸಿಕ್ಕಿತ್ತು. ಅವರು ಅಪ್ಪನ ಗೆಳೆಯರು, ಹಾಗಾಗಿ ನನಗೆ ಕಾಕಾ. ಮನೆಯಲ್ಲಿ ಅವ್ವ ಲಕ್ವ ಹೊಡೆದು ಮಲಗಿದ್ದಳು. ಕೆಲಸಕ್ಕೆ ಸೇರಿದ ದಿನ ಕಾಕಾ ನನ್ನ ಕುರ್ಚಿಯ ಧೂಳನ್ನು ತಮ್ಮ ಟವೆಲ್ಲಿನಿಂದ ಒರೆಸಿ, "ಕೂಡವ್ವಾ, ನಿಮ್ಮಪ್ಪ ಕೂಡೋ ಕುರ್ಚಿ" ಎಂದಿದ್ದರು.

ಕಾಕಾನಿಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿ ಗೊತ್ತಿತ್ತು, ಸಹಿ ಕಲಿತಿದ್ದರು, ಅಷ್ಟೇ. ಆದರೂ ಯಾವ ಊರಿನ ಯಾವ ಕಾಲದ ಕಾಗದ ಕೇಳಿದರೂ ಚಹಾ ಆರುವುದರೊಳಗೆ ಟೇಬಲ್ಲಿನ ಮೇಲಿರುತ್ತಿತ್ತು. ಅದರ ಗುಟ್ಟು ಗಂಟು. ಒಂದೊಂದು ಹೋಬಳಿಯ ರುಮಾಲಿಗೆ ಒಂದೊಂದು ಬಗೆಯ ಗಂಟು ಹಾಕುತ್ತಿದ್ದರು. ಒಂದಕ್ಕೆ ಜೋಡಿ ಗಂಟು, ಒಂದಕ್ಕೆ ಕುಣಿಕೆ, ಇನ್ನೊಂದಕ್ಕೆ ಎತ್ತಿನ ಮೂಗುದಾರಕ್ಕೆ ಹಾಕುವಂಥದ್ದು. ಕರೆಂಟು ಹೋದಾಗಲೂ ಕೈಯಾಡಿಸಿ ತೆಗೆಯುತ್ತಿದ್ದರು. ಓದಲು ಬರುವ ನಾವು ಐದಾರು ಮಂದಿ ಆ ಕೋಣೆಯಲ್ಲಿ ಕುರುಡರ ಹಾಗೆ ತಡಕಾಡುತ್ತಿದ್ದೆವು.

ಕಚೇರಿಗೆ ಯಾರಾದರೂ ಕಾಗದ ಕೇಳಿಕೊಂಡು ಬಂದರೆ ಉಳಿದವರ ಬಾಯಿಗೆ ಮೊದಲು ಬರುತ್ತಿದ್ದ ಮಾತು "ನಾಳೆ ಬಾ." ಕಾಕಾ ಮಾತ್ರ "ಯಾವೂರು?" ಎಂದು ಕೇಳಿ ಎದ್ದುಬಿಡುತ್ತಿದ್ದರು. ಒಮ್ಮೆ ನಾನೇ ರೇಗಿದೆ, ಹೀಗೆ ಕೇಳಿದವರಿಗೆಲ್ಲ ತೆಗೆದು ತೋರಿಸಬಾರದು ಎಂದು. ಅವರು ನಿಜಕ್ಕೂ ಅರ್ಥವಾಗದವರಂತೆ ನನ್ನನ್ನು ನೋಡಿದರು. "ಇದೇನು ನಮ್ಮನಿ ಕಾಗದ ಏನವ್ವಾ? ಅವರ ಹೊಲ, ಅವರ ಹೆಸರು. ನೋಡ್ತೀವಿ ಅಂದ್ರ ಬ್ಯಾಡ ಅನ್ನಾಕ ನಾವ್ಯಾರು?"

ಒಂದೇ ಒಂದು ವಿಷಯದಲ್ಲಿ ಅವರು ಬಿಗಿ. ಓದಿಸದೆ ಸಹಿ ಹಾಕುತ್ತಿರಲಿಲ್ಲ. ಸಾಹೇಬರೇ ಅವಸರ ಮಾಡಿದರೂ ಕಾಗದ ಹಿಡಿದು ನನ್ನ ಹತ್ತಿರ ಬರುತ್ತಿದ್ದರು. "ಏನೈತವ್ವಾ, ಓದು." ನಾನು ಓದಿದ ಮೇಲೆ ನಿಧಾನವಾಗಿ, ರಂಗೋಲಿ ಎಳೆದಂತೆ ಸಹಿ ಹಾಕುತ್ತಿದ್ದರು.

ಮಾಹಿತಿ ಹಕ್ಕು ಬಂದ ಹೊಸತು. ದೂರದ ಒಂದು ಹಳ್ಳಿಯಿಂದ ಅಂಗನವಾಡಿಯ ಆಯಾ ಒಬ್ಬಳು ಅರ್ಜಿ ತಂದಳು. ಅವರ ಕೇರಿಯವರು ತಲೆತಲಾಂತರದಿಂದ ಹೆಣ ಹೂಳುತ್ತಿದ್ದ ಜಾಗ ಹೆದ್ದಾರಿಯ ಪಕ್ಕಕ್ಕಿತ್ತು. ರಸ್ತೆ ಅಗಲವಾಗುತ್ತದೆ ಎಂಬ ಸುದ್ದಿ ಬಂದದ್ದೇ ತಡ, ಕಂಪ್ಯೂಟರ್ ಪಹಣಿಯಲ್ಲಿ ಆ ಜಾಗ ಊರ ದೊಡ್ಡ ಮನುಷ್ಯನೊಬ್ಬನ ಹೆಸರಲ್ಲಿ ಕಂಡಿತು. ಕೈಬರಹದ ಹಳೇ ಪಹಣಿಯಲ್ಲಿ 'ಸ್ಮಶಾನ' ಎಂದಿದೆ, ಅದರ ನಕಲು ಬೇಕು ಎಂದು ಆಕೆಯ ಅರ್ಜಿ. ಗಂಡನನ್ನು ಅಲ್ಲಿ ಮಣ್ಣು ಮಾಡಿ ಇನ್ನೂ ವರ್ಷ ತುಂಬಿರಲಿಲ್ಲ. ಕಾಕಾ ಕೂತಲ್ಲಿಂದಲೇ "ಐತವ್ವಾ, ಐತಿ. ನಾನ ಕಟ್ಟಿಟ್ಟೀನಿ" ಎಂದುಬಿಟ್ಟರು.

ಮರುದಿನ ಶಿರಸ್ತೇದಾರರು ನನ್ನನ್ನು ಕರೆದು ಹುಡುಕಾಟದ ವರದಿ ಬರೆಸಿದರು. "ಸದರಿ ದಾಖಲೆಯನ್ನು ಹುಡುಕಲಾಗಿ ಲಭ್ಯವಾಗಿರುವುದಿಲ್ಲ." ಕೆಳಗೆ, ಹುಡುಕಿದವರ ಸಹಿಗೆ ಜಾಗ. ಅದು ಕಾಕಾನದು.

"ಸರ್, ಕಾಕಾ ಐತಿ ಅಂದ್ರಲ್ಲ" ಎಂದೆ.

"ನಿನ್ ಪ್ರೊಬೇಷನ್ ಫೈಲು ನನ್ ಟೇಬಲ್ ಮ್ಯಾಲ ಐತಲ್ಲ, ಅದು ಲಭ್ಯ ಇರಬೇಕೋ ಬ್ಯಾಡೋ?" ಎಂದರು. ನಗುತ್ತಲೇ ಎಂದರು.

ಕಾಕಾ ಎಂದಿನಂತೆ ಕಾಗದ ಹಿಡಿದು ಬಂದರು. "ಏನೈತವ್ವಾ, ಓದು."

ನಾನು ಕಾಗದದ ಮೇಲಿನ ಕಣ್ಣು ತೆಗೆಯದೆ ಓದಿದೆ. "ಹಳೇ ಪಹಣಿ ಐತಿ, ನಕಲು ತಗದು ವಾರದೊಳಗ ಕೊಡ್ತೀವಿ ಅಂತ ಐತಿ ಕಾಕಾ."

"ಚಲೋ ಆತು. ಪಾಪ, ನಾಕ್ ಸಲ ಬಂದಾಳ ಆಕಿ" ಎಂದು ಸಹಿ ಹಾಕಿದರು. ಆವತ್ತು ನನ್ನ ನಾಲಿಗೆ ಒಂದು ಸಲವೂ ತೊದಲಲಿಲ್ಲ. ಇಷ್ಟು ವರ್ಷವಾದರೂ ನನಗೆ ನನ್ನ ಮೇಲೆ ಅಸಹ್ಯ ಹುಟ್ಟುವುದು ಅದಕ್ಕೇ.

ವಾರದ ನಂತರ ಆಯಾ ಬಂದಳು. ದಾಖಲೆ ಇಲ್ಲವೆಂದು ಕಚೇರಿ ಕೊಟ್ಟಿದ್ದ ಹಿಂಬರಹವನ್ನೂ ವರದಿಯನ್ನೂ ಕಾಕಾನ ಮುಖಕ್ಕೇ ಹಿಡಿದಳು. "ಐತಿ ಅಂದಾವನೂ ನೀನ, ಇಲ್ಲಂತ ಸಹಿ ಮಾಡಿದಾವನೂ ನೀನ? ನಿನ್ ಬಾಯಾಗ ಎಷ್ಟು ನಾಲಿಗಿ ಅದಾವಪ್ಪಾ?"

ಕಾಕಾ ಕಾಗದ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಡ್ರಾಯರಿನಲ್ಲಿ ಏನೋ ಹುಡುಕುತ್ತಿದ್ದೆ. ಅವರು ಒಳಗೆ ಹೋಗಿ ರುಮಾಲು ಹೊತ್ತು ತಂದು ಎಲ್ಲರೆದುರು ಬಿಚ್ಚಿ, ಆ ಹಾಳೆ ತೆಗೆದು ಟೇಬಲ್ಲಿನ ಮೇಲಿಟ್ಟರು. ಆಕೆ ಬೆರಳಿಟ್ಟು "ಸ್ಮಶಾನ" ಎಂದು ಗಟ್ಟಿಯಾಗಿ ಓದಿದಳು, ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಸೀಲಿಲ್ಲದ ಬರಹಕ್ಕೆ ಏನು ಬೆಲೆ? ಶಿರಸ್ತೇದಾರರು ಹೊರಬಂದು ಎಲ್ಲರನ್ನೂ ಗದರಿಸಿ ಕಳಿಸಿ ರುಮಾಲನ್ನು ತಮ್ಮ ಕೋಣೆಗೆ ಒಯ್ದರು. ಆ ಹಾಳೆಯನ್ನು ಮತ್ತೆ ಯಾರೂ ನೋಡಲಿಲ್ಲ.

ಕಾಕಾ ಅಮಾನತಾದರು, ನಿವೃತ್ತಿಗೆ ವರ್ಷವೂ ಇರಲಿಲ್ಲ. ಇಲ್ಲವೆಂದು ಬರೆದುಕೊಟ್ಟವನೂ ಅವನೇ, ಇದೆಯೆಂದು ತೋರಿಸಿದವನೂ ಅವನೇ, ಹಾಗಿದ್ದ ಮೇಲೆ ಕದ್ದವನೂ ಅವನೇ ಎಂದು ಸಲೀಸಾಗಿ ಆರೋಪ ಪಟ್ಟಿ ತಯಾರಾಯಿತು. ವಿಚಾರಣೆಯ ದಿನ ಹೊಸಪೇಟೆ ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೇ ಹೋದೆವು. ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು, ಮಂಡಕ್ಕಿಯ ಪೊಟ್ಟಣ ತಂದಿದ್ದರು. ನಾನು ತಿಂದೆ ಕೂಡ.

ವಿಚಾರಣೆಯಲ್ಲಿ ರುಮಾಲು ತಂದಿಟ್ಟರು. ಬಿಚ್ಚುವ ಮೊದಲೇ ಕಾಕಾ ಅದನ್ನು ಮುಟ್ಟಿ ನೋಡಿ, "ಸಾಹೇಬ್ರ, ಈ ಗಂಟು ನಂದಲ್ರಿ. ಯಾರೋ ಬಿಚ್ಚಿ ಕಟ್ಯಾರ" ಎಂದರು. ಅಧಿಕಾರಿಗೆ ನಗು ತಡೆಯಲಾಗಲಿಲ್ಲ. "ಗಂಟಿಗೂ ಸಹಿ ಇರ್ತದೇನಪ್ಪಾ?" ಸುತ್ತಲಿದ್ದವರೂ ನಕ್ಕರು. ಅದು ಅವರದಲ್ಲ ಎಂದು ನನಗೂ ಕಾಣುತ್ತಿತ್ತು. ಎಳೆ ಮಕ್ಕಳು ಲಾಡಿಗೆ ಹಾಕುವಂಥ ಗಂಟು ಅದು.

ಆಮೇಲೆ ನನ್ನ ಸರದಿ. "ಸಹಿ ಹಾಕುವ ಮೊದಲು ವರದಿಯನ್ನು ಇವರಿಗೆ ಓದಿ ಹೇಳಿದ್ದಿರಾ?"

"ಹೌದು ಸರ್, ಓದಿ ಹೇಳಿದ್ದೆ."

"ನಿಜವೇನಪ್ಪಾ?"

ಕಾಕಾ ಕೈಕಟ್ಟಿ ನಿಂತಿದ್ದರು. "ಹೌದ್ರಿ. ಓದಿ ಹೇಳ್ಯಾಳ."

ಹಿಂದಿರುಗುವಾಗ ಬಸ್ಸಿನಲ್ಲಿ ಅವರು ಆಡಿದ್ದು ಒಂದೇ ಮಾತು, "ಅವ್ವ ಈಗ ಎದ್ದು ಕೂಡ್ತಾಳೇನು?"

ನನ್ನ ಪ್ರೊಬೇಷನ್ ಡಿಕ್ಲೇರ್ ಆಗಿ ಕೆಲಸ ಕಾಯಂ ಆಯಿತು. ಸ್ಮಶಾನಕ್ಕೆ ಜೆಸಿಬಿ ಬಂತು. ಆ ಕೇರಿಯವರು ಈಗ ಹಳ್ಳದ ದಂಡೆಯಲ್ಲಿ ಹೂಳುತ್ತಾರೆ, ದೊಡ್ಡ ಮಳೆ ಬಂದರೆ ಹೆಣ ಕೊಚ್ಚಿಹೋಗದಂತೆ ಕಲ್ಲು ಹೇರುತ್ತಾರೆ. ಕಾಕಾ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು ಎಂದು ಕೇಳಿದೆ. ನೋಡಲು ನಾನು ಹೋಗಲಿಲ್ಲ. ಅವರು ತೀರಿಕೊಂಡಾಗ ಹೋದೆ, ಸತ್ತವರು ಏನೂ ಕೇಳುವುದಿಲ್ಲ ಎಂಬ ಧೈರ್ಯದಿಂದ.

ಹದಿನೈದು ದಿನದ ಮೇಲೆ ಕಾಕಾನ ಹೆಂಡತಿ ನನಗೆ ಹೇಳಿ ಕಳಿಸಿದಳು. ಅವಳನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಅವರು ಬದುಕಿದ್ದಾಗಲೇ ಸಹಿಯಾಗಿದ್ದ ವಿಚಾರಣೆಯ ಆದೇಶ ಆಗ ಟಪಾಲಿನಲ್ಲಿ ಬಂದಿತ್ತು. "ನಮ್ಮಾಗ ಓದಾರು ಯಾರದಾರ? ನೀನ ಓದವ್ವಾ" ಎಂದು ಲಕೋಟೆ ಕೊಟ್ಟಳು.

ಓದಿದೆ. ಮೂರನೆಯ ಪುಟದಲ್ಲಿ ನನ್ನ ಹೆಸರಿತ್ತು. ಇವರ ಸಾಕ್ಷ್ಯದಂತೆ ಆಪಾದಿತನು ವರದಿಯ ಒಕ್ಕಣೆಯನ್ನು ತಿಳಿದೇ ಸಹಿ ಮಾಡಿರುವುದು ರುಜುವಾತಾಗಿದೆ. ಆ ಸಾಲು ಬಿಟ್ಟು ಮುಂದೆ ಓದಿದ್ದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಬಿಡಲಿಲ್ಲ, ಹೆಸರಿನ ಸಮೇತ ಓದಿದೆ. ಆವತ್ತು ಕಾಗದದಲ್ಲಿ ಇದ್ದದ್ದೇನು, ನಾನು ಓದಿದ್ದೇನು, ಎರಡನ್ನೂ ಹೇಳಿದೆ.

ಚಿಗವ್ವ ಅಲ್ಲವೆನ್ನುವಂತೆ ತಲೆ ಅಲ್ಲಾಡಿಸಿದಳು. "ಹುಡುಗಿ ಅವಸರದಾಗ ತಪ್ಪಿ ಓದ್ಯಾಳ ಅಂತ ಹೇಳ್ತಿದ್ರವ್ವಾ ಅವರು. ಕಡೀತನಕ ಹಂಗ ಅಂದ್ರು."

"ತಪ್ಪಿ ಓದಿರಲಿಲ್ಲ ಚಿಗವ್ವಾ."

ಅವಳು ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮಡಿಸಿದಳು. ಎದ್ದು ಬಾಗಿಲು ಪೂರ್ತಿ ತೆರೆದಳು.

"ಇನ್ನ ಹೋಗವ್ವಾ" ಎಂದಳು. ಹೋಗಿ ಬಾ ಎನ್ನಲಿಲ್ಲ.