ಪಿಕಪ್ಪಿನ ಮಂಚದಲ್ಲಿ ತಲೆ ಯಾವ ಕಡೆ?

ಜೀವಮಾನದಲ್ಲಿ ನನ್ನ ಕೈಯಾರೆ ಮಾಡಿದ್ದು ಒಂದೇ ಮಂಚ. ಅದೂ ಪಿಕಪ್ ವ್ಯಾನಿನ ಹಿಂಭಾಗದಲ್ಲಿ. ನಗಬೇಡಿ, ಕಾರಣವಿತ್ತು.

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನ್ನದೊಂದು ಲೇತ್ ಶೆಡ್ಡು, ಸಾಮಾನು ಸಾಗಿಸಲು ಆ ಹಳೇ ವ್ಯಾನು. ಅಮ್ಮನಿಗೆ ಸೊಂಟ ಹಿಡಿದು ಅರ್ಧ ಗಂಟೆ ಕೂರಲೂ ಆಗುತ್ತಿರಲಿಲ್ಲ. ದಾವಣಗೆರೆಯಲ್ಲಿ ಅವಳ ಅಕ್ಕ ಹಾಸಿಗೆ ಹಿಡಿದಿದ್ದಳು. "ಒಂದ್ಸಲ ಅಕ್ಕನ ಮುಖ ನೋಡ್ಬೇಕು ಕಣೋ" ಎಂದು ಅಮ್ಮ ದಿನಾ ಹೇಳುತ್ತಿದ್ದಳು. ಬಸ್ಸು, ರೈಲು ಎರಡೂ ಆಗದ ಮಾತು. ಮಲಗಿಸಿಕೊಂಡೇ ಹೋದರಾಯಿತು ಎಂದುಕೊಂಡೆ.

ಲೇತಿನ ಮುಂದೆ ಕೂದಲೆಳೆಯಷ್ಟು ವ್ಯತ್ಯಾಸ ಸಹಿಸದವನು ನಾನು. ಮರದ ಕೆಲಸದಲ್ಲಿ ಮಾತ್ರ ಗೇಣು ಹೆಚ್ಚು, ಗೇಣು ಕಮ್ಮಿ. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಜೋಡಿಸಿ, ಕಾಲು ಕೊಟ್ಟು, ಬೋಲ್ಟು ಬಿಗಿದೆ. ಪರೀಕ್ಷೆಗೆಂದು ನಾನೇ ಮಲಗಿದೆ, ಭಾಮೈದ ಗಾಡಿ ಓಡಿಸಿದ. ಮೊದಲ ತಿರುವಿನಲ್ಲಿ ಮಂಚವೇನೋ ಅಲ್ಲಾಡಲಿಲ್ಲ, ನಾನು ಹೋಗಿ ಸ್ಟೆಪ್ನಿ ಮೇಲೆ ಬಿದ್ದೆ. ಅಂಚಿಗೊಂದು ತಡೆ ಬೇಕೆಂದು ಹೊಳೆದದ್ದು ಆಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹೊರಡುವ ದಿನ ಅಮ್ಮ ಡ್ರೈವರ್ ಸೀಟಿನ ಕಡೆಗೆ ತಲೆಯಿಟ್ಟು ಹಾಯಾಗಿ ಮಲಗಿದಳು. ಅಷ್ಟರಲ್ಲಿ ಎದುರುಮನೆಯ ಶಾಮಣ್ಣ ಮೇಷ್ಟರು ಬಂದರು. ಪಂಚಾಂಗವನ್ನೇ ಬಾಯಿಪಾಠ ಮಾಡಿದವರು.

"ಅಯ್ಯಯ್ಯೋ, ದಾವಣಗೆರೆ ಉತ್ತರಕ್ಕಲ್ವೇನ್ರೀ? ಉತ್ತರಕ್ಕೆ ತಲೆ ಹಾಕ್ಕೊಂಡು ಮಲಗ್ತಾರಾ? ಹಾಗೆ ಮಲಗಿದ್ದಕ್ಕೇ ಆನೆ ತಲೆ ಗಣಪತಿಗೆ ಹೋಗಿದ್ದು!"

ಆ ಆನೆ ಪಿಕಪ್ಪಿನಲ್ಲಿ ಮಲಗಿರಲಿಲ್ಲ ಎನ್ನಬಹುದಿತ್ತು. ಗೆಳೆಯರೆದುರು ಭಾರಿ ವಿಚಾರವಾದಿಯಾದ ನಾನು ತೆಪ್ಪಗೆ ದಿಂಬನ್ನು ಆ ತುದಿಗೆ ಒಯ್ದು ಅಮ್ಮನನ್ನು ತಿರುಗಿಸಿ ಮಲಗಿಸಿದೆ.

"ಈಗ ಕಾಲು ಮುಂದಾಯ್ತಲ್ರೀ! ಕಾಲು ಮುಂದೆ ಮಾಡಿ ಸಾಗ್ಸೋದು ಯಾರನ್ನ, ನಾನು ಬಾಯ್ಬಿಟ್ಟು ಹೇಳ್ಬೇಕಾ?"

ಅಡ್ಡ ಮಲಗಿಸೋಣವೆಂದರೆ ಗಾಡಿಯ ಅಗಲ ಸಾಲದು. ದಾರಿಯಲ್ಲಿ ಹೆಚ್ಚುಕಮ್ಮಿಯಾದರೆ ಏನು ಗತಿ? "ಅಮ್ಮಾ, ಮುಂದಿನ ವಾರ ನೋಡೋಣ" ಎಂದೆ. ಅಮ್ಮನ ಮುಖ ಸಣ್ಣಗಾಯಿತು. ಮೇಷ್ಟರಿಗೂ ಪಾಪ ಅನ್ನಿಸಿರಬೇಕು.

"ಹೇಗೋ ಕಷ್ಟಪಟ್ಟು ಕೂತ್ಕೊಂಡೇ ಹೋಗ್ಲಿ ಬಿಡಿ, ಅದಾದ್ರೆ ಶುಭ."

ಅಮ್ಮ ಮಲಗಿದ್ದಲ್ಲಿಂದಲೇ ಕಿಸಕ್ಕನೆ ನಕ್ಕಳು.

"ಮೇಷ್ಟ್ರೇ, ನಾವು ಲಿಂಗಾಯ್ತ್ರು. ನಮ್ಮಲ್ಲಿ ಹೆಣಾನ ಕೂರ್ಸೇ ಕರ್ಕೊಂಡು ಹೋಗೋದು. ಮಲಗಿ ಹೋಗ್ತಾ ಇದಾಳೆ ಅಂದ್ರೆ ಇನ್ನೂ ಬದುಕಿದಾಳೆ ಅಂತ. ಏಯ್, ಗಾಡಿ ಬಿಡೋ!"

ಬಿಟ್ಟೆ. ಹುಟ್ಟಿದಾಗಿನಿಂದ ಕಂಡ ನಮ್ಮ ಮನೆಯ ಪದ್ಧತಿ ಮರೆತು, ಎದುರುಮನೆಯ ಭಯವನ್ನು ಕಡ ತಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ನೆಲಮಂಗಲ ದಾಟುವಾಗ ಹಿಂದಿನಿಂದ ಅಮ್ಮನ ಗೊರಕೆ ಕೇಳಿಸತೊಡಗಿತು. ಆಗ ಹೊಳೆಯಿತು: ನೆಟ್ಟಗೆ ಕೂತು ಹೋಗುತ್ತಿದ್ದವನು ನಾನು! ಯಾತಕ್ಕೂ ಇರಲಿ ಎಂದು ಸೀಟಿನಲ್ಲಿ ಆದಷ್ಟು ಕೆಳಕ್ಕೆ ಜಾರಿ ಒರಗಿಕೊಂಡೆ.