ಗಿರಿಜಕ್ಕ ನೆಟ್ಟ ನೈದಿಲೆ

ಬೆಳಿಗ್ಗೆಯಿಂದ ಕೈಯೆಲ್ಲ ಗದ್ದೆಯ ಜೇಡಿಮಣ್ಣಿನ ವಾಸನೆ. ಸಾಬೂನು ಹಾಕಿ ಎರಡು ಸಲ ತೊಳೆದರೂ ಹೋಗಿಲ್ಲ. ಅಂಗಳದ ಸಿಮೆಂಟು ತೊಟ್ಟಿಯಲ್ಲಿ ನೈದಿಲೆ ಕುಂಡ ಮೀರಿ ಬೆಳೆದಿತ್ತು. ಗಡ್ಡೆ ಎತ್ತಿ ತುಂಡು ಮಾಡಿದೆ. ಒಂದು ತುಂಡು ಶಿರೂರಿಗೆ ಹೋಗಬೇಕು, ಗಿರಿಜಕ್ಕನಿಗೆ.

ಗಿರಿಜಕ್ಕ ಆಗ ನಮ್ಮ ಪಕ್ಕದ ಮನೆಯವರು, ಮೀನು ಮಾರುವವರು. ಬೆಳಕು ಹರಿಯುವ ಮೊದಲೇ ಬಂದರಿಗೆ ಹೋಗಿ, ಬುಟ್ಟಿ ತುಂಬಿಸಿ, ಬಸ್ಸು ಹತ್ತಿ ಹಾಲಾಡಿಗೆ. ತಿರುಗಿ ಬರುವಾಗ ನಾಲ್ಕು ಗಂಟೆ. ನಾನು ಶಾಲೆ ಮೇಷ್ಟ್ರು, ಯಾರನ್ನೂ ಕೇಳದೆಯೇ ಎಲ್ಲ ಗೊತ್ತಿದ್ದವನು. ನರ್ಸರಿಯಿಂದ ತಂದ ನೈದಿಲೆ ಗಡ್ಡೆಗೆ, ನಮ್ಮೂರಲ್ಲಿ ತೆಂಗಿಗೆ ಹಾಕುವ ಹಾಗೆ, ಧಾರಾಳವಾಗಿ ಮೀನುಗೊಬ್ಬರ ಹಾಕಿ ತೊಟ್ಟಿಯಲ್ಲಿ ಮುಳುಗಿಸಿದೆ. ವಾರದೊಳಗೆ ನೀರು ಹಸಿರು, ಎಲೆಯೆಲ್ಲ ಕೊಳೆತು ನಾತ ರಸ್ತೆಯವರೆಗೆ. ಮೀನಿನ ವಾಸನೆಯಲ್ಲೇ ಬದುಕಿದ ಗಿರಿಜಕ್ಕನೇ ಮೂಗು ಮುಚ್ಚಿಕೊಂಡು ಬಂದರು ಎಂದ ಮೇಲೆ ನೀವೇ ಊಹಿಸಿ.

"ಹ್ವಾಯ್ ಮೇಷ್ಟ್ರೆ, ಇದೆಂತ ತೆಂಗಿನ್ ಮರ್ವಾ?"

ಅವರೇ ಸೀರೆ ಎತ್ತಿ ಕಟ್ಟಿ ತೊಟ್ಟಿಗಿಳಿದು, ಕೊಳೆತದ್ದನ್ನು ಮೀನು ಹೆರೆದಷ್ಟೇ ಚುರುಕಾಗಿ ಹೆರೆದು, ಬರೀ ಗದ್ದೆಮಣ್ಣಿನಲ್ಲಿ, ಚಿಗುರಿನ ತುದಿ ಮೇಲೆ ಕಾಣುವಂತೆ ಓರೆಯಾಗಿ ನೆಟ್ಟರು. ಆಮೇಲೆ ದಿನಾ ಸಂಜೆ ಹಣ್ಣೆಲೆ ಕೀಳುವುದು, ನೀರು ತುಂಬುವುದು ಎಲ್ಲ ಅವರದೇ. ಮಧ್ಯಾಹ್ನ ಊಟಕ್ಕೆ ಬಂದಾಗ ಹೂವು ನೋಡಿ, ಊರಿಡೀ ಹೇಳಿಕೊಂಡು ತಿರುಗುವ ಕೆಲಸ ಮಾತ್ರ ನನ್ನದು.

ಆ ಹೂವು ಬಿಸಿಲೇರಿದ ಮೇಲೆ ಅರಳಿ, ಮಧ್ಯಾಹ್ನ ಕಳೆಯುತ್ತಲೇ ಮುಚ್ಚಿಕೊಳ್ಳುತ್ತದೆ. ಭಾನುವಾರ ಹಾಲಾಡಿಯಲ್ಲಿ ವ್ಯಾಪಾರ ಇನ್ನೂ ಜೋರು. ಮಳೆಗಾಲದಲ್ಲಿ ದೋಣಿಗಳು ಕಡಲಿಗಿಳಿಯದೆ ಅವರಿಗೆ ಬಿಡುವು, ಆದರೆ ಆ ಮೋಡಕ್ಕೆ ಮೊಗ್ಗು ಬಾಯಿ ಬಿಡುವುದಿಲ್ಲ. ವರ್ಷವಾದ ಮೇಲೆ ಒಂದು ಸಂಜೆ ನಾನು ಬಣ್ಣದ ವರ್ಣನೆಗೆ ತೊಡಗಿದಾಗ ಅವರು ಮೆಲ್ಲಗೆ ಹೇಳಿದರು:

"ನೀವ್ ಹೇಳುದೇ ಸೈ. ಅರಳಿದ್ದ್ ನಾ ಒಂದಿನ ಕಂಡದ್ದಿಲ್ಲೆ."

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಉಪದೇಶ ಮಾಡುವುದು ಮೇಷ್ಟ್ರುಗಳ ಚಟ. ಒಂದು ದಿನ ರಜೆ ಹಾಕಿದರೆ ಹಾಲಾಡಿಯವರೇನೂ ಉಪವಾಸ ಬೀಳುವುದಿಲ್ಲ ಎಂದು ವಾರಗಟ್ಟಲೆ ಪೀಡಿಸಿದೆ. ಕೊನೆಗೊಂದು ದಿನ ಅವರು ಹೋಗಲಿಲ್ಲ. ಬೆಳಿಗ್ಗೆ ಮಿಂದು, ಒಳ್ಳೆಯ ಸೀರೆ ಉಟ್ಟು ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು. ಮೊಗ್ಗು ಇನ್ನೂ ಬಿಗಿಯಾಗಿತ್ತು. ನಾನು ಚೀಲ ಹಿಡಿದು ಹೊರಬಂದೆ.

"ಒಂದ್ ಗಳ್ಗಿ ಕೂಕಣಿ ಮೇಷ್ಟ್ರೆ. ಒಟ್ಟಿಗೆ ಕಾಂಬ."

ಜೊತೆಗೆ ಕೂತು ನೋಡದೆ, ಶಾಲೆಗೆ ಹೊತ್ತಾಯಿತು ಎಂದು ಹೊರಟುಹೋದೆ. ಅವರು ಒಬ್ಬರೇ ನೋಡಿದರು. ಸಂಜೆ ಕೇಳಿದ್ದಕ್ಕೆ, ಚಂದ ಇತ್ತು ಎಂದಷ್ಟೇ ಹೇಳಿ ಒಳಗೆ ಹೋದರು. ಮರುದಿನ ಮತ್ತೆ ಹಾಲಾಡಿ ಬಸ್ಸು.

ಈಗ ಮಂಡಿನೋವಿನಿಂದ ಬುಟ್ಟಿ ಬಿಟ್ಟು ಶಿರೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಗಡ್ಡೆಯನ್ನು ಬಸ್ಸಿನವರ ಕೈಯಲ್ಲಿ ಕಳಿಸಿದರಾಯಿತು ಎಂದುಕೊಂಡಿದ್ದೆ. ಇಷ್ಟು ಬರೆದ ಮೇಲೆ ಮನಸ್ಸು ಒಪ್ಪುತ್ತಿಲ್ಲ. ನಾನೇ ಹೋಗಿ ನೆಡುತ್ತೇನೆ. ಮೊಗ್ಗು ಬಂದಾಗ ಮತ್ತೆ ಹೋಗಿ, ಬೆಳಿಗ್ಗೆಯೇ ಅವರ ಪಕ್ಕದಲ್ಲಿ ಕೂರುತ್ತೇನೆ. ನಿಜ ಹೇಳುತ್ತೇನೆ, ಇಷ್ಟು ವರ್ಷ ಆ ಹೂವನ್ನು ಹೊಗಳಿದ ನಾನು, ಅದು ಮೊಗ್ಗು ಬಿಚ್ಚಿ ಅರಳುವುದನ್ನು ಒಮ್ಮೆಯೂ ಕೂತು ನೋಡಿಲ್ಲ.